ಕಾದಂಬರಿಗೆ ಚೂರುಪಾರು ಟೈಮು, ಓದಿಗೆ ಇಡೀ ಭಾನುವಾರ: ಲೆಕ್ಕ ಉಲ್ಟಾ ಆಗಿದೆ

ಪ್ರಶ್ನೆ: ನನಗೆ 27 ವರ್ಷ, ಊರು ಹೊಸನಗರ ತಾಲೂಕು. ಕನ್ನಡ ಎಂ.ಎ. ಆಗಿದೆ, ರಿಪ್ಪನ್‌ಪೇಟೆ ಕಡೆ ಒಂದು ಕಾಲೇಜಲ್ಲಿ ವಾರಕ್ಕೆ ನಾಲ್ಕು ದಿನ ಪಾಠ ಮಾಡ್ತೀನಿ, ಜೊತೆಗೆ ಕೆ-ಸೆಟ್‌ಗೆ, ಅಂದ್ರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಓದ್ತಿದೀನಿ. ಒಂದು ಆ್ಯಪಲ್ಲಿ ಧಾರಾವಾಹಿ ಬರೀತೀನಿ, ಮಂಗಳವಾರ ಶುಕ್ರವಾರ ಕಂತು ಹಾಕ್ಲೇಬೇಕು. ಮೂರು ವರ್ಷದಿಂದ ಒಂದು ಕಾದಂಬರಿ ಅರ್ಧಕ್ಕೇ ನಿಂತಿದೆ. ಪ್ರತಿ ಭಾನುವಾರ ಟೈಮ್‌ಟೇಬಲ್ ಹಾಕ್ತೀನಿ, ಬುಧವಾರದ ಹೊತ್ತಿಗೆ ಹಳ್ಳ ಹಿಡಿಯುತ್ತೆ. ದಿನಕ್ಕೆ ನಾಲ್ಕೂವರೆ ಗಂಟೆ ಫೋನು, 110 ಸಲ ಅನ್‌ಲಾಕ್ ಅಂತ ತೋರಿಸ್ತಿದೆ. ಕಂತು ಹಾಕಿದ ರಾತ್ರಿ ಕಾಮೆಂಟ್ ನೋಡ್ತಾ ನೋಡ್ತಾ ರೀಲ್ಸಿಗೆ ಜಾರಿ ಹನ್ನೆರಡಾಗುತ್ತೆ. ಜುಲೈಲಿ ಮರ ಬಿದ್ದು ಎರಡು ದಿನ ಕರೆಂಟು, ನೆಟ್‌ವರ್ಕು ಎರಡೂ ಇರ್ಲಿಲ್ಲ, ಆಗ ಕಾದಂಬರಿಯ ಒಂದು ಅಧ್ಯಾಯ ಪೂರ್ತಿ ಮುಗೀತು! ಹಾಗಾದ್ರೆ ನಂದು ಮೊಬೈಲ್ ಅಡಿಕ್ಷನ್ನಾ? ಕೀಪ್ಯಾಡ್ ಫೋನ್ ತಗೊಳ್ಳಾ? 21 ದಿನ ಡೋಪಮಿನ್ ಡಿಟಾಕ್ಸ್ ಮಾಡು ಅಂತ ಗೆಳತಿ, ಪರೀಕ್ಷೆ ಮುಗಿಯೋವರೆಗೂ ಬರೆಯೋದೇ ಬಿಡು ಅಂತ ಅಮ್ಮ. ನಾನು ಬರೀತಾ ಕೂತ್ರೂ ಅಮ್ಮಂಗೆ ಮೊಬೈಲ್ ನೋಡ್ತಾ ಕೂತ ಹಾಗೇ ಕಾಣುತ್ತೆ ಬಿಡಿ.

ಉತ್ತರ:

ನೀವು ಕಳ್ಸಿದ ಟೈಮ್‌ಟೇಬಲ್ ಫೋಟೋ ನೋಡ್ದೆ. ಸ್ಕೆಚ್ ಪೆನ್ನಲ್ಲಿ ನಾಲ್ಕು ಬಣ್ಣ, ಬೆಳಗ್ಗೆ ಐದರಿಂದ ರಾತ್ರಿ ಹತ್ತೂವರೆವರೆಗೂ ಒಂದು ಖಾಲಿ ಮನೆ ಇಲ್ಲ, ಬಸ್ಸು ಲೇಟಾದ್ರೆ ಅಂತ ಇಲ್ಲ, ನೆಂಟ್ರು ಬಂದ್ರೆ ಅಂತ ಇಲ್ಲ, ಮಲೆನಾಡಲ್ಲಿ ಮಳೆಗಾಲ ಅಂತ ಒಂದಿದೆ ಅನ್ನೋದೂ ಇಲ್ಲ ಮಾರಾಯ್ರೆ. ಬುಧವಾರದವರೆಗೆ ಅದು ನಡೀತಲ್ಲ, ಅದೇ ದೊಡ್ಡದು. ಶಿವಮೊಗ್ಗದಲ್ಲಿ ಕಾಲೇಜು ಹುಡುಗರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರ ಜೊತೆ ಆಪ್ತಸಮಾಲೋಚನೆ ಮಾಡ್ತಾ ಬಂದವಳು ನಾನು, ಇಂಥ ಬಣ್ಣಬಣ್ಣದ ಹಾಳೆ ತುಂಬಾನೇ ನೋಡಿದೀನಿ. ಅದು ಮುರಿದಾಗ ಎಲ್ಲರೂ ಬೈಯೋದು ತಮ್ಮನ್ನೇ, ಹಾಳೆ ತಪ್ಪಿರಬಹುದು ಅಂತ ಯಾರಿಗೂ ಅನ್ಸಲ್ಲ.

ಮೊದಲು ಅಡಿಕ್ಷನ್ ಪ್ರಶ್ನೆ ಮುಗಿಸ್ಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟೀಲಿ ಗೇಮಿಂಗ್ ಡಿಸಾರ್ಡರ್ ಅಂತ ಇದೆ, 2022ರಿಂದ ಆ ಪಟ್ಟಿ ಜಾರಿಗೆ ಬಂದಿದೆ, ಆದ್ರೆ ರೀಲ್ಸ್ ನೋಡೋದು, ವಾಟ್ಸಾಪ್ ನೋಡೋದು ಅಂತ ಬೇರೆ ಕಾಯಿಲೆ ಅದರಲ್ಲಿಲ್ಲ. ತೊಂದ್ರೇನೇ ಇಲ್ಲ ಅಂತ ಇದರರ್ಥ ಅಲ್ಲ. ನಿಮ್ಹಾನ್ಸಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ತಂತ್ರಜ್ಞಾನದ ಅತಿಬಳಕೆಗೇ ಒಂದು ಪ್ರತ್ಯೇಕ ಸೇವೆ ನಡೀತಿದೆ, ಅಲ್ಲಿಗೆ ಹೋಗೋ ಅಗತ್ಯ ಇರೋರೂ ಇದ್ದಾರೆ. ನಾವು ನೋಡೋದು ಬರೀ ಗಂಟೆ ಅಲ್ಲ, ಊಟ ನಿದ್ದೆ ಕೆಲ್ಸ ಕೈಬಿಟ್ಟು ಹೋಗಿದ್ಯಾ, ನಷ್ಟ ಆಗ್ತಿದೆ ಅಂತ ಗೊತ್ತಿದ್ರೂ ಬಿಡಕ್ಕಾಗ್ತಿಲ್ವಾ, ಇದೇ ಸ್ಥಿತಿ ತಿಂಗಳುಗಟ್ಲೆ ನಡೆದಿದ್ಯಾ ಅಂತ. ನೀವು ಪಾಠಕ್ಕೆ ಹೋಗ್ತಿದೀರಿ, ವಾರಕ್ಕೆ ಎರಡು ಕಂತು ತಪ್ಪದೆ ಕೊಡ್ತಿದೀರಿ. ನಿಮ್ಮ ಪತ್ರ ಓದಿ ನನಗೆ ಅಡಿಕ್ಷನ್ ಅನ್ನಿಸ್ಲಿಲ್ಲ.

ಮತ್ತೆ ಆ ನಾಲ್ಕೂವರೆ ಗಂಟೆ ಇದ್ಯಲ್ಲ, ಅದರೊಳಗೆ ನೀವು ಬಸ್ಸಲ್ಲಿ ಕೂತು ಕಂತು ಟೈಪ್ ಮಾಡಿದ್ದೂ ಸೇರಿದೆ, ಕ್ಲಾಸಿನ ಗ್ರೂಪಿಗೆ ನೋಟ್ಸ್ ಹಾಕಿದ್ದೂ ಸೇರಿದೆ. ಫೋನಿಗೆ ಅದೆಲ್ಲ ಒಂದೇ ಸ್ಕ್ರೀನ್‌ಟೈಮು. ನಾನು ಹೆಚ್ಚು ಗಮನ ಕೊಡೋದು 110 ಅನ್ನೋ ಸಂಖ್ಯೆಗೆ. ಎದ್ದಿರೋದು ಹದಿನೇಳು ಗಂಟೆ ಅಂದ್ಕೊಂಡ್ರೆ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಫೋನ್ ತೆರೆದ ಹಾಗಾಯ್ತು. ನಿಮ್ಮ ವಾರ ಸೋರ್ತಿರೋದು ಅಲ್ಲಿ.

ಯಾಕೆ ಅಂತ ಹೇಳ್ತೀನಿ. ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಒಂದು ಕೆಲ್ಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಮನಸ್ಸಿನ ಒಂದು ಪಾಲು ಹಳೇ ಕೆಲಸದಲ್ಲೇ ಅಂಟ್ಕೊಂಡಿರುತ್ತೆ, ಹೊಸ ಕೆಲ್ಸ ಅದಕ್ಕೇ ಸೊರಗುತ್ತೆ ಅನ್ನೋದು ಅದರ ಸಾರ. ಈಗ ನಿಮ್ಮ ಒಂದು ಸಂಜೆ ತಗೊಳ್ಳಿ. ಛಂದಸ್ಸು ಓದಕ್ಕೆ ಕೂತಿದೀರಿ, ಪಿಡಿಎಫ್ ಇರೋದು ಫೋನಲ್ಲಿ, ಮೇಲಿಂದ ಕಾಮೆಂಟ್ ಬಂತು, ‘ನಾಯಕಿ ತುಂಬಾ ಅಳ್ತಾಳೆ ಬೋರ್’ ಅಂತ ಯಾರೋ ಹಾಕಿದ್ರು, ಒಂದೇ ನಿಮಿಷ ಅಂತ ನೋಡಿದ್ರಿ, ವಾಪಸ್ ಬಂದು ಕಂದ ಪದ್ಯ ನೋಡ್ತಿದ್ರೂ ತಲೇಲಿ ಓಡ್ತಿರೋದು ಶುಕ್ರವಾರದ ಕಂತಲ್ಲಿ ನಾಯಕಿ ಅಳಬೇಕೋ ಬೇಡ್ವೋ ಅಂತ. ಗಡಿಯಾರದ ಲೆಕ್ಕದಲ್ಲಿ ಒಂದು ನಿಮಿಷ. ಓದಿನ ಲೆಕ್ಕದಲ್ಲಿ ಆ ಸಂಜೆ ಹೋಯ್ತು. ಓದು, ಧಾರಾವಾಹಿ, ಕಾದಂಬರಿ, ರೀಲ್ಸ್, ಕಾಲೇಜು, ಅತ್ತಿಗೆಯ ಗುಡ್ ಮಾರ್ನಿಂಗ್ ಎಲ್ಲಾ ಒಂದೇ ಆರಿಂಚಿನ ಗಾಜಿನ ಹಿಂದೆ ಇಟ್ಕೊಂಡು ಏಕಾಗ್ರತೆ ಇಲ್ಲ ಅಂತ ನಿಮ್ಮನ್ನೇ ಬೈಕೊಳ್ಳೋದು ನ್ಯಾಯ ಅಲ್ಲ.

ಕಾಮೆಂಟಿನ ವಿಷಯ ಬೇರೇನೇ ಹೇಳ್ಬೇಕು. ಹೊಳೇಲಿ ಗಾಳ ಹಾಕಿ ಕೂತವನಿಗೆ ಎಳೆದಾಗೆಲ್ಲ ಮೀನು ಸಿಗ್ತಿದ್ರೆ ಅರ್ಧ ಗಂಟೇಲಿ ಬುಟ್ಟಿ ತುಂಬ್ಕೊಂಡು ಮನೆಗೆ ಹೋಗ್ತಿದ್ದ, ಒಮ್ಮೆ ಸಿಕ್ಕಿ ನಾಲ್ಕು ಸಲ ಸಿಗದೇ ಇರೋದ್ರಿಂದಾನೇ ಕತ್ತಲಾದ್ರೂ ಏಳಲ್ಲ. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನ ಅತಿ ಗಟ್ಟಿಯಾಗಿ ಹಿಡಿಯುತ್ತೆ ಅಂತ ಸ್ಕಿನ್ನರ್ ಅನ್ನೋ ಮನೋವಿಜ್ಞಾನಿ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ಎಷ್ಟೋ ದಶಕದ ಹಿಂದೇನೇ ತೋರಿಸಿದಾರೆ. ಮೇಲಾಗಿ ನೀವು ನೋಡ್ತಿರೋದು ಯಾರದ್ದೋ ಡ್ಯಾನ್ಸ್ ಅಲ್ಲ, ನೀವೇ ಬರೆದದ್ದಕ್ಕೆ ಬಂದ ಮಾತು. ಬರೆಯೋರಿಗೆ ಓದುಗರ ಮಾತು ಬೇಕು, ಅದನ್ನ ಚಟ ಅಂತ ನಾನು ಕರೆಯಲ್ಲ. ಆದ್ರೆ ಅದು ಬರೋ ಹೊತ್ತನ್ನ ನೀವು ನಿರ್ಧರಿಸ್ಬೇಕು. ಇದಕ್ಕೆ ನನಗೆ ಕಂಡ ಸುಲಭದ ದಾರಿ ಅಂದ್ರೆ ಕಂತನ್ನ ರಾತ್ರಿ ಹಾಕ್ಬೇಡಿ, ಬೆಳಗ್ಗೆ ಕ್ಲಾಸಿಗೆ ಹೋಗೋ ಬಾಗಿಲಲ್ಲಿ ನಿಂತು ಹಾಕಿ ಒಳಗೆ ಹೋಗ್ಬಿಡಿ. ಮೊದಲ ಎರಡು ಮೂರು ಗಂಟೆಯ ತುಡಿತ ಪಾಠದಲ್ಲಿ ಕಳೆದುಹೋಗುತ್ತೆ, ಸಂಜೆ ಬಸ್ಸಲ್ಲಿ ಕೂತು ಒಟ್ಟಿಗೆ ಓದಿ ಉತ್ತರ ಕೊಡಿ. ಆ ಆ್ಯಪಿನ ನೋಟಿಫಿಕೇಶನ್ ಪೂರ್ತಿ ಬಂದ್. ಇದರ ನಷ್ಟಾನೂ ಹೇಳ್ಬಿಡ್ತೀನಿ, ರಾತ್ರಿ ಮಲಗೋ ಮುಂಚೆ ಓದೋರು ಜಾಸ್ತಿ ಇರೋದ್ರಿಂದ ನಿಮ್ಮ ಓದುಗರ ಸಂಖ್ಯೆ ಸ್ವಲ್ಪ ಇಳೀಬಹುದು, ತಕ್ಷಣ ಉತ್ತರ ಬರ್ಲಿಲ್ಲ ಅಂತ ಒಬ್ಬಿಬ್ರು ಮುನಿಸ್ಕೋಬಹುದು.

ಇನ್ನು ಗೆಳತಿಯ ಡೋಪಮಿನ್ ಡಿಟಾಕ್ಸು. ಡೋಪಮಿನ್ ಅನ್ನೋದು ಮಿದುಳಿನ ಒಂದು ರಾಸಾಯನಿಕ, ಮೈಯಲ್ಲಿ ಶೇಖರ ಆಗೋ ವಿಷ ಅಲ್ಲ, ನಾಲ್ಕು ದಿನ ಉಪವಾಸ ಮಾಡಿ ಹೊರಗೆ ಹಾಕಕ್ಕೆ. ಕೈ ಕಾಲು ಆಡ್ಸಕ್ಕೂ ಅದೇ ಬೇಕು, ಅದು ಕಮ್ಮಿ ಆದ್ರೇನೇ ಪಾರ್ಕಿನ್ಸನ್ ಕಾಯಿಲೆ. ಸ್ವಲ್ಪ ದಿನ ರೀಲ್ಸ್ ಬಿಟ್ರೆ ಹಿತ ಅನ್ನಿಸೋದು ನಿಜ, ಅದಕ್ಕೆ ಕಾರಣ ನಿದ್ದೆ ಸಿಕ್ಕಿರುತ್ತೆ, ಟೈಮ್ ಉಳಿದಿರುತ್ತೆ, ಅಷ್ಟೇ. ಆ 21 ದಿನದ ಕಥೆ ಇನ್ನೂ ಮಜಾ ಇದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಶನ್ ಆದವರಿಗೆ ಹೊಸ ಮುಖ ತಮ್ಮದು ಅನ್ನಿಸಕ್ಕೆ ಕನಿಷ್ಠ 21 ದಿನ ಬೇಕು ಅಂತ 1960ರಲ್ಲಿ ಬರೆದ, ಆ ‘ಕನಿಷ್ಠ’ ಎಲ್ಲೋ ಬಿದ್ದುಹೋಗಿ ಎಲ್ಲಾ ಅಭ್ಯಾಸಕ್ಕೂ 21 ದಿನ ಸಾಕು ಅಂತ ಊರೆಲ್ಲ ಹಬ್ಬಿತು! ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತೆ ಜೊತೆಯವರು 96 ಜನರನ್ನ 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಭ್ಯಾಸ ಕೂರಕ್ಕೆ ನಡುಮಟ್ಟ 66 ದಿನ, ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ಬಂತು. ಅದರಲ್ಲೇ ಇನ್ನೊಂದು ಸಂಗತಿ ನಿಮಗೆ ಬೇಕಾದ್ದು: ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸಕ್ಕೆ ಹೇಳಿಕೊಳ್ಳೋ ಅಂಥ ಪೆಟ್ಟೇನೂ ಬೀಳ್ಲಿಲ್ಲ. ನಿಮ್ಮ ಟೈಮ್‌ಟೇಬಲ್ ಬುಧವಾರ ತಪ್ಪಿದ್ರೆ ಗುರುವಾರ ಹಿಡ್ಕೊಂಡ್ರಾಯ್ತು, ಭಾನುವಾರದವರೆಗೆ ಕಾದು ಹೊಸಾ ಹಾಳೆ ಬರೆಯೋದು ಯಾಕೆ?

ಈಗ ಮುಖ್ಯ ವಿಷಯ. ನಿಮ್ಮ ವಾರದಲ್ಲಿ ಯಾವ ಕೆಲಸಕ್ಕೆ ಎಂಥಾ ಟೈಮು ಕೊಟ್ಟಿದೀರಿ ನೋಡಿ. ಭಾನುವಾರ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಕೆ-ಸೆಟ್ ಓದು, ಒಂದೇ ಏಟಿಗೆ ಐದು ಗಂಟೆ. ಕಾದಂಬರಿಗೆ? ‘ರಾತ್ರಿ 9.45ರಿಂದ 10.15’. ಅದೂ ಅಡುಗೆಮನೆ ಕೆಲ್ಸ ಎಲ್ಲಾ ಮುಗ್ದ ಮೇಲೆ. ಇದು ಪೂರ್ತಿ ತಿರುಗುಮುರುಗು.

ಓದು ಚೂರುಪಾರು ಟೈಮಲ್ಲಿ ಬದುಕುತ್ತೆ, ಬದುಕೋದೇನು, ಚೂರಾದ್ರೇನೇ ಚೆನ್ನಾಗಿ ನಿಲ್ಲುತ್ತೆ. ಒಂದೇ ದಿನ ಐದು ಗಂಟೆ ಓದೋದಕ್ಕಿಂತ ಅಷ್ಟೇ ಹೊತ್ತನ್ನ ವಾರಕ್ಕೆಲ್ಲ ಹಂಚಿ ಓದಿದ್ರೆ ನೆನಪು ಜಾಸ್ತಿ ದಿನ ಉಳಿಯುತ್ತೆ, ಕಲಿಕೆಯ ಸಂಶೋಧನೇಲಿ ಮತ್ತೆ ಮತ್ತೆ ಖಚಿತ ಆದ ಸಂಗತಿ ಇದು. ಜೊತೆಗೆ ನೀವು ಓದೋ ರೀತೀನೂ ಬದಲಾಗ್ಬೇಕು. ಹಳದಿ ಪೆನ್ನಲ್ಲಿ ಗೆರೆ ಎಳೆದು ಮೂರು ಸಲ ಓದ್ತೀನಿ ಅಂದಿದೀರಿ. ರೋಡಿಗರ್, ಕಾರ್ಪಿಕೆ ಅನ್ನೋರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದಿದ್ರು, ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದವರು ಮುಂದೆ ಹೋದ್ರು. ನಿಮ್ಮ ಪರೀಕ್ಷೆ ಐದು ನಿಮಿಷಕ್ಕಿಲ್ಲ ಅಲ್ವಾ. ಎರಡೂ ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ನೆನಪು ಥಟ್ಟಂತ ಬರ್ಬೇಕು. ಬಸ್ ಸ್ಟ್ಯಾಂಡಲ್ಲಿ ಹತ್ತು ನಿಮಿಷ ಸಿಕ್ತು, ಫೋನ್ ತೆಗೀಬೇಡಿ, ಬ್ಯಾಗಲ್ಲಿ ಅಂಗೈಯಗಲದ ಚೀಟಿ ಕಟ್ಟು ಇಟ್ಕೊಳ್ಳಿ, ಮುಂದೆ ಪ್ರಶ್ನೆ ಹಿಂದೆ ಉತ್ತರ. ಕಂದ ಪದ್ಯದ ಒಂದು, ಮೂರನೇ ಸಾಲಿಗೆ ಎಷ್ಟು ಮಾತ್ರೆ? ನಾಲ್ಕು ಮಾತ್ರೆಯ ಮೂರು ಗಣ, 12. ಎರಡು, ನಾಲ್ಕನೇ ಸಾಲಿಗೆ? ಐದು ಗಣ, 20. ಎರಡು ಸಾಲು ಸೇರಿಸಿ ಎಣಿಸಿದ್ರೆ ಆರನೇ ಗಣ ಏನಿರ್ಬೇಕು? ತಿರುಗಿಸಿ ನೋಡಿ. ಚೀಟಿ ಬರೆಯೋದೇ ಅರ್ಧ ಓದು. ಮಳೇಲಿ ನೆನೆಯುತ್ತೆ, ಅಡಿಕೆ ಕೊನೆಗೆ ಕಟ್ಟಕ್ಕೆ ತರ್ತಾರಲ್ಲ ಆ ಥರದ ಪ್ಲಾಸ್ಟಿಕ್ ಕವರಲ್ಲಿ ಹಾಕಿಡಿ. ಹೀಗೆ ದಿನಕ್ಕೆ ಇಪ್ಪತ್ತು ನಿಮಿಷದ ಎರಡು ಮೂರು ತುಂಡು, ಹದಿನೈದು ದಿನಕ್ಕೊಮ್ಮೆ ಮಾತ್ರ ಗಡಿಯಾರ ಇಟ್ಕೊಂಡು ಒಂದು ಹಳೇ ಪ್ರಶ್ನೆಪತ್ರಿಕೆ ಪೂರ್ತಿ ಮಾಡಿ.

ಕಾದಂಬರಿಗೆ ಈ ಚೂರು ಲೆಕ್ಕ ಆಗಲ್ಲ. ಪಾತ್ರಗಳು ಎಲ್ಲಿದ್ರು, ಹೋದ ಅಧ್ಯಾಯದಲ್ಲಿ ಯಾರು ಯಾರಿಗೆ ಏನಂದಿದ್ರು, ಆ ದನಿ ಹೇಗಿತ್ತು ಅನ್ನೋದೆಲ್ಲ ತಲೆಗೆ ವಾಪಸ್ ಬರಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತೆ, ನೀವು ಕೊಟ್ಟಿದ್ದು ಮೂವತ್ತು, ಅಲ್ಲಿಗೆ ಒಂದು ಪ್ಯಾರಾ ಬರೆಯೋ ಹೊತ್ತಿಗೆ ಹತ್ತೂಕಾಲು. ದಿನಾ ಬರೀಲೇಬೇಕು ಅನ್ನೋ ಉಪದೇಶ ಬರೆಯೋರಿಗೆಲ್ಲ ಕೊಡ್ತಾರೆ, ಕೆಲವರಿಗೆ ಅದು ಹೊಂದುತ್ತೆ, ಪೂರ್ತಿ ದಿನ ತನ್ನ ಕೈಯಲ್ಲಿ ಇರೋರಿಗೆ. ನಿಮಗೆ ಪಾಠ ಇಲ್ಲದ ಬುಧವಾರ, ಮತ್ತೆ ಭಾನುವಾರ ಬೆಳಗ್ಗೆ, ಎರಡೆರಡು ಗಂಟೆ ಸಾಕು, ಆದ್ರೆ ಅದು ಕಾಫಿ ಕುಡಿದ ಮೇಲಿನ ತಾಜಾ ಗಂಟೆ ಆಗಿರ್ಲಿ. ಏಳುವಾಗ ಮುಂದಿನ ಸಲ ಎಲ್ಲಿಂದ ಶುರು ಅಂತ ಎರಡು ಸಾಲು ಬರೆದಿಟ್ಟು ಏಳಿ: ‘ದೊಡ್ಡಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದಾಳೆ, ಪತ್ರ ಇನ್ನೂ ಅವಳ ಕೈಯಲ್ಲಿದೆ, ಓದಿಲ್ಲ’. ಹೀಗೆ ಮುಂದಿನ ಹೆಜ್ಜೆ ಬರೆದಿಟ್ರೆ ಅರ್ಧಕ್ಕೆ ಬಿಟ್ಟ ಕೆಲ್ಸ ತಲೆ ಕೊರೆಯೋದು ಕಮ್ಮಿ ಆಗುತ್ತೆ ಅಂತ 2011ರ ಒಂದು ಅಧ್ಯಯನವೂ ಇದೆ, ನನ್ನ ಹತ್ರ ಬರೋರಲ್ಲೂ ಇದು ಕೆಲ್ಸ ಮಾಡಿದ್ದನ್ನ ನೋಡಿದೀನಿ. ಧಾರಾವಾಹಿ ಎರಡೂ ಕಂತು ಶನಿವಾರ ಒಂದೇ ಸಲಕ್ಕೆ ಬರೆದಿಡಿ. ಬಸ್ಸಲ್ಲಿ ಬರೆಯೋದು ಬೇಡ, ಬಸ್ಸು ಚೀಟಿಗೆ ಮತ್ತೆ ಕಿಟಕಿಗೆ ಇರ್ಲಿ.

ಆ ಕರೆಂಟ್ ಹೋದ ಎರಡು ದಿನದ ಬಗ್ಗೆ. ‘ಫೋನ್ ಇಲ್ದಿದ್ರೆ ನಾನು ಬರೀತೀನಿ’ ಅಂತ ನೀವು ಅರ್ಥ ಮಾಡ್ಕೊಂಡಿದೀರಿ, ನನಗೆ ಅದು ಅರ್ಧ ಮಾತ್ರ ನಿಜ ಅನ್ಸುತ್ತೆ. ಆ ಎರಡು ದಿನ ಫೋನ್ ಕೈಯಲ್ಲೇ ಇತ್ತು, ಬ್ಯಾಟರಿ ಇರೋವರೆಗೆ ಟಾರ್ಚ್ ಹಾಕ್ಕೊಂಡೂ ಬರೆದಿದೀರಿ. ಇಲ್ಲದೇ ಇದ್ದಿದ್ದು ಬೇರೆ. ಲೈನ್ ಮೇಲೆ ಮರ ಬಿದ್ದಿದೆ ಅಂತ ಇಡೀ ಸೀಮೆಗೇ ಗೊತ್ತಿತ್ತು, ಹಾಗಾಗಿ ಮೆಸೇಜಿಗೆ ಯಾಕೆ ಉತ್ತರ ಕೊಡ್ಲಿಲ್ಲ ಅಂತ ಯಾರೂ ಕೇಳಂಗಿರ್ಲಿಲ್ಲ, ಕಂತು ಯಾಕೆ ಬರ್ಲಿಲ್ಲ ಅನ್ನಂಗಿರ್ಲಿಲ್ಲ, ನಿಮಗೂ ತಪ್ಪು ಮಾಡ್ತಿದೀನಿ ಅನ್ನಿಸ್ಲಿಲ್ಲ. ಯಾರಿಗೂ ಉತ್ತರ ಕೊಡ್ಬೇಕಾಗಿಲ್ಲ ಅನ್ನೋ ಆ ನಿರಾಳದಲ್ಲಿ ಅಧ್ಯಾಯ ಮುಗೀತು. ಮನೇಲಿ ಒಬ್ಬಳೇ ಕೂತು ಡೇಟಾ ಆಫ್ ಮಾಡಿದಾಗ ಆ ನಿರಾಳ ಸಿಗಲ್ಲ, ಯಾರಾದ್ರೂ ಕಾಯ್ತಿದಾರೇನೋ ಅನ್ನೋ ಚಡಪಡಿಕೆ ಇದ್ದೇ ಇರುತ್ತೆ. ಅದಕ್ಕೆ ಮೊದ್ಲೇ ಹೇಳಿಡಿ. ಬುಧವಾರ, ಭಾನುವಾರ ಹತ್ತೂವರೆವರೆಗೆ ನಾನು ಸಿಗಲ್ಲ, ಅರ್ಜೆಂಟ್ ಇದ್ರೆ ಫೋನೇ ಮಾಡಿ ಅಂತ ವಾಟ್ಸಾಪ್ ಸ್ಟೇಟಸ್ಸಲ್ಲೇ ಹಾಕಿ. ಎರಡು ವಾರ ತಮಾಷೆ ಮಾಡ್ತಾರೆ, ಆಮೇಲೆ ಅಭ್ಯಾಸ ಆಗುತ್ತೆ.

ಕೀಪ್ಯಾಡ್ ಫೋನ್ ತಗೊಂಡವರನ್ನ ನೋಡಿದೀನಿ. ಮೊದಲ ವಾರ ಹಬ್ಬ. ಆಮೇಲೆ ಕಾಲೇಜಿನ ಗ್ರೂಪಲ್ಲಿ ಬಂದ ಟೈಮಿಂಗ್ ಬದಲಾವಣೆ ತಿಳಿಯಲ್ಲ, ಅಂಗಡೀಲಿ ಯುಪಿಐ ಇಲ್ಲ, ಧಾರಾವಾಹಿ ಹಾಕಕ್ಕೆ ತಮ್ಮನ ಫೋನ್ ಕೇಳ್ಬೇಕು, ಕೊನೆಗೆ ಹಳೇ ಫೋನ್ ವಾಪಸ್ ಬರುತ್ತೆ, ಜೊತೆಗೆ ‘ನನ್ನಿಂದ ಆಗ್ಲಿಲ್ಲ’ ಅನ್ನೋದೂ. ನಿಮಗೆ ಬೇಡ ಅಂತೀನಿ. ಬರೆಯೋ ಹೊತ್ತಲ್ಲಿ ಫೋನನ್ನ ಅಡುಗೆಮನೆ ಅಟ್ಟದ ಡಬ್ಬೀಲೋ ಅಮ್ಮನ ಹತ್ರಾನೋ ಇಟ್ರೆ ಸಾಕು. ಬರೀ ಮಗುಚಿ ಇಟ್ಕೊಳ್ಳೋದು ಸಾಲದು, ಕೈಗೆಟುಕೋ ದೂರದಲ್ಲಿದ್ರೆ ಕೈ ಹೋಗುತ್ತೆ.

ಬರೆಯೋದೇ ನಿಲ್ಲಿಸು ಅನ್ನೋ ಅಮ್ಮನ ಮಾತನ್ನ ತಳ್ಳಿಹಾಕ್ಬೇಡಿ, ಅದೂ ಒಂದು ದಾರೀನೇ. ಕೆ-ಸೆಟ್‌ನಲ್ಲಿ ಬರೀ ಕನಿಷ್ಠ ಅಂಕ ತೆಗೆದ್ರೆ ಆಗಲ್ಲ, ಪರೀಕ್ಷೆಗೆ ಕೂತವರಲ್ಲಿ ಸುಮಾರು ಶೇಕಡಾ 6ರಷ್ಟು ಜನರಿಗೆ ಮಾತ್ರ ಅರ್ಹತೆ, ಅಮ್ಮನ ಆತಂಕಕ್ಕೆ ಕಾರಣ ಇದೆ. ಆದ್ರೆ ಎಲ್ಲಾ ಬರವಣಿಗೆ ನಿಲ್ಲಿಸಿದವರು ಆ ಟೈಮನ್ನ ಓದಿಗೆ ಕೊಟ್ಟಿದ್ದು ಕಮ್ಮಿ, ಅದು ಮತ್ತೆ ಫೋನಿಗೇ ಹೋಗುತ್ತೆ, ಮೂರು ವರ್ಷ ನಿಂತ ಕಾದಂಬರಿ ಇನ್ನೂ ತಣ್ಣಗಾಗುತ್ತೆ. ನಿಲ್ಲಿಸೋದೇ ಆದ್ರೆ ಪರೀಕ್ಷೆಗೆ ಆರು ವಾರ ಇದ್ದಾಗ ಧಾರಾವಾಹಿ ನಿಲ್ಲಿಸಿ, ಕಾದಂಬರಿಗೆ ವಾರಕ್ಕೆ ಒಂದು ಬೆಳಗ್ಗೆ ಉಳಿಸ್ಕೊಳ್ಳಿ. ಆ್ಯಪಿಂದ ಬರೋ ಪುಡಿಗಾಸು ಆ ತಿಂಗಳು ತಪ್ಪುತ್ತೆ, ಕೆಲವರು ಬೇರೆ ಕಥೆಗೆ ಹೋಗ್ತಾರೆ, ಅದು ಲೆಕ್ಕದಲ್ಲಿರ್ಲಿ.

ಅಮ್ಮಂಗೆ ನೀವು ಮೊಬೈಲ್ ನೋಡೋಳ ಹಾಗೆ ಕಾಣೋದಿದ್ಯಲ್ಲ, ನನಗೆ ನಿಮ್ಮ ಪತ್ರದಲ್ಲಿ ತುಂಬಾ ಹೊತ್ತು ಯೋಚಿಸೋ ಹಾಗೆ ಮಾಡಿದ್ದು ಆ ಸಾಲು. ಜಗಲೀಲಿ ಫೋನ್ ಹಿಡ್ಕೊಂಡು ಕೂತ ಮಗಳು ಕಾದಂಬರಿ ಬರೀತಿದಾಳೋ ರೀಲ್ಸ್ ನೋಡ್ತಿದಾಳೋ ಅಂತ ಎದುರಿಗಿದ್ದವರಿಗೆ ಹೇಗೆ ಗೊತ್ತಾಗ್ಬೇಕು? ಸುಮ್ನೆ ಕೂತಿದಾಳೆ ಅಂತ್ಲೇ ‘ಎಮ್ಮೆಗೆ ಹುಲ್ಲು ಹಾಕೇ’ ಅಂತ ಕರೀತಾರೆ. ಅದೇ ಮಗಳು 200 ಪುಟದ ಲಾಂಗ್ ನೋಟ್‌ಬುಕ್ ಹಿಡ್ಕೊಂಡು ಮೇಜಿನ ಮುಂದೆ ಕೂತ್ರೆ ಅದೇ ಅಮ್ಮ ಪಕ್ಕದ ಮನೆಯವರಿಗೆ ‘ಅವಳು ಬರೀತಿದಾಳೆ’ ಅಂತಾರೆ. ಹಾಗಾಗಿ ಕಾದಂಬರಿಯ ಮೊದಲ ಕರಡು ಕೈಯಲ್ಲೇ ಬರೀರಿ ಅಂತ ನನ್ನ ಸಲಹೆ. ಮನೇಲಿ ನಿಮ್ಮ ಕೆಲ್ಸ ಕೆಲಸವಾಗಿ ಕಾಣಕ್ಕೆ ಶುರುವಾಗುತ್ತೆ, ನೋಟ್‌ಬುಕ್ಕಲ್ಲಿ ನೋಟಿಫಿಕೇಶನ್ನೂ ಬರಲ್ಲ. ತೊಂದ್ರೆ ಏನಂದ್ರೆ ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನು ಹರಡುತ್ತೆ, ಬಾಲ್ ಪೆನ್ ತಗೊಳ್ಳಿ, ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದಿಡಿ. ಆಮೇಲೆ ಟೈಪ್ ಮಾಡೋದು ಎರಡು ಕೆಲ್ಸ ಅನ್ಸುತ್ತೆ, ಅದನ್ನೇ ಎರಡನೇ ಕರಡು ಅಂದ್ಕೊಳ್ಳಿ. ಫೋನಿಗೆ ಹೇಳಿ ಟೈಪ್ ಮಾಡಿಸ್ಬಹುದು, ಆದ್ರೆ ಬ್ಯಾಣ, ಸೊಪ್ಪಿನಬೆಟ್ಟ, ಮೆಟ್ಟುಕತ್ತಿ ಅಂತೆಲ್ಲ ಮಲೆನಾಡಿನ ಮಾತು ಅಂದ್ರೆ ಅದು ಏನೇನೋ ಬರ್ಕೊಳ್ಳುತ್ತೆ, ತಿದ್ದೋದ್ರಲ್ಲೇ ಸುಸ್ತಾಗ್ತೀರಿ.

ಇಷ್ಟೆಲ್ಲ ಮಾಡಿದ್ಮೇಲೂ ರಾತ್ರಿ ನಿದ್ದೆ ಬರ್ದೇ ಇರೋದು, ಯಾವುದ್ರಲ್ಲೂ ಆಸೆ ಇಲ್ದೇ ಇರೋದು, ಬೆಳಗ್ಗೆ ಏಳಕ್ಕೇ ಮನಸ್ಸಾಗ್ದಿರೋದು ಎರಡು ವಾರಕ್ಕಿಂತ ಜಾಸ್ತಿ ನಡೆದ್ರೆ ಅದು ಟೈಮ್‌ಟೇಬಲ್ ವಿಷಯ ಅಲ್ಲ, ಖಿನ್ನತೆಯೋ ಆತಂಕವೋ ಇದೆಯಾ ನೋಡಿಸ್ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೇಲೂ ಮನೋವೈದ್ಯರು ಸಿಗ್ತಾರೆ.

ಕೊನೇದು, ಇನ್ನು ಸ್ವಲ್ಪ ದಿನಕ್ಕೆ ನಿಮ್ಮಲ್ಲಿ ಅಡಿಕೆ ಕೊನೆ ತೆಗೆಯೋದು, ಅಂದ್ರೆ ಕೊಯ್ಲು ಶುರುವಾಗುತ್ತೆ. ರಾತ್ರಿ ಹನ್ನೊಂದರವರೆಗೆ ಸುಲಿಯೋರು ಮನೇಲಿರ್ತಾರೆ, ಅವರಿಗೆ ಕಾಫಿ, ಬೆಳಗ್ಗೆ ಬೇಯಿಸೋದು, ಅಂಗಳದಲ್ಲಿ ಹರವೋದು, ಈ ಮೇಲಿನ ವಾರ ಆಗ ನಡೆಯಲ್ಲ, ನಡೆಸಕ್ಕೂ ಹೋಗ್ಬೇಡಿ. ಸುಲಿಯೋ ಜಾಗದಲ್ಲಿ ಚೀಟಿ ಓದು ಆರಾಮಾಗಿ ನಡೆಯುತ್ತೆ, ಬೇಕಿದ್ರೆ ಅಮ್ಮನ ಕೈಗೇ ಚೀಟಿ ಕೊಟ್ಟು ಪ್ರಶ್ನೆ ಕೇಳಿ ಅನ್ನಿ. ಕಾದಂಬರಿಗೆ ಭಾನುವಾರ ಒಂದೇ ಸಾಕು. ಧಾರಾವಾಹಿ ಮಾತ್ರ ಕೊಯ್ಲು ಮುಗಿಯೋವರೆಗೆ ವಾರಕ್ಕೆ ಒಂದೇ ಕಂತು ಅಂತ ಓದುಗರಿಗೆ ಈ ಮಂಗಳವಾರದ ಕಂತಿನ ಕೆಳಗೇ ಬರೆದು ಹಾಕ್ಬಿಡಿ.